ಸಂಗೀತ ನಾಟಕ ಸಿನಿಮಾ ಆಗುವಾಗ ಯಾವ ಹಾಡು ಉಳಿಯಬೇಕು?

ಪ್ರಶ್ನೆ (ರಂಗಾಸಕ್ತ): ಎರಡೂವರೆ ಗಂಟೆಯ ಸಂಗೀತ ನಾಟಕ, ಒಟ್ಟು 18 ಹಾಡು. ಸಿನಿಮಾ ಎರಡು ಗಂಟೆ ಮೀರಬಾರದು. ಎಲ್ಲ ಹಾಡುಗಳೂ ಜನರ ಬಾಯಲ್ಲಿವೆ. ಯಾವುದನ್ನು ಬಿಡಬಹುದು? ಮೊದಲೇ ರೆಕಾರ್ಡ್ ಮಾಡಬೇಕೋ, ಸೆಟ್ಟಿನಲ್ಲೇ ಹಾಡಿಸಬೇಕೋ?

ಉತ್ತರ (ಕತ್ತರಿ): ಪ್ರತಿ ಹಾಡಿಗೂ ಎರಡು ಸಾಲು ಬರೆದುಕೊಳ್ಳಿ: ಶುರುವಿನಲ್ಲಿ ಪಾತ್ರದ ಮನಸ್ಸು ಹೇಗಿತ್ತು, ಕೊನೆಗೆ ಏನಾಯಿತು. ಏನೂ ಬದಲಾಗದಿದ್ದರೆ ಆ ಹಾಡು ಕಷ್ಟದಲ್ಲಿದೆ. ಕೊನೆಯ ಸಾಲಿನ ಪ್ರೇಕ್ಷಕರಿಗೆ ಮುಖ ಕಾಣುವುದಿಲ್ಲವೆಂದು ನಾಟಕದಲ್ಲಿ ದುಃಖವನ್ನು ಮೂರು ಚರಣ ಹಾಡಿರುತ್ತಾರೆ. ಕ್ಲೋಸಪ್ಪಿಗೆ ಒಂದು ಚರಣ ಸಾಕು. ಹಿಂದೆ ರಂಗಸಜ್ಜಿಕೆ ಬದಲಿಸಲು ಸಮಯ ಸಿಗಲೆಂದು ಪರದೆಯ ಮುಂದೆ ಹಾಡಿಸುವ ಹಾಡುಗಳನ್ನಂತೂ ಮೊದಲು ತೆಗೆಯಿರಿ.

ಬಿಡಲು ಮನಸ್ಸಾಗದಿದ್ದರೆ ಜಾಗ ಬದಲಿಸಿ ನೋಡಿ. ‘ದಿ ಸೌಂಡ್ ಆಫ್ ಮ್ಯೂಸಿಕ್’ನ 1959ರ ನಾಟಕದಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಅನ್ನು ಮರಿಯಾ ಹಾಡುವುದು ಮಠದ ಹಿರಿಯ ಸನ್ಯಾಸಿನಿಯೊಂದಿಗೆ. 1965ರ ಸಿನಿಮಾದಲ್ಲಿ ಗುಡುಗಿಗೆ ಹೆದರಿದ ಮಕ್ಕಳಿಗೆ ಹಾಡುತ್ತಾಳೆ. ಮಕ್ಕಳು ಅವಳಿಗೆ ಹತ್ತಿರವಾಗುವುದೇ ಅಲ್ಲಿ.

1972ರ ‘ಕ್ಯಾಬರೆ’ಯದು ಇನ್ನೂ ಕಠಿಣ ನಿರ್ಧಾರ: ಪಾತ್ರಗಳು ಹಾಡುವುದು ಕ್ಲಬ್ಬಿನ ವೇದಿಕೆಯ ಮೇಲೆ ಮಾತ್ರ. ಹೊರಗೆ ಹಾಡುವುದು ಒಂದೇ ಒಂದು ಸಲ, ಬಿಯರ್ ತೋಟದಲ್ಲಿ. ಅದಕ್ಕೇ ಆ ಒಂದು ಹಾಡು ಅಷ್ಟು ನಡುಕ ಹುಟ್ಟಿಸುತ್ತದೆ.

ಉತ್ತರ (ಧ್ವನಿಪೆಟ್ಟಿಗೆ): ಕುಣಿತ ಇರುವ ಹಾಡಿಗೆ ಪ್ಲೇಬ್ಯಾಕೇ (ಮೊದಲೇ ರೆಕಾರ್ಡ್ ಮಾಡಿದ ಹಾಡನ್ನು ಸೆಟ್ಟಿನಲ್ಲಿ ಹಾಕಿ ತುಟಿ ಆಡಿಸುವುದು) ಸರಿ. ಸೆಟ್ಟಿನಲ್ಲೇ ಹಾಡಿಸಿದರೆ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಹೆಜ್ಜೆ ಸದ್ದು ಮೈಕಿಗೆ ನುಗ್ಗುತ್ತದೆ. ಟ್ರ್ಯಾಕಿನ ಮುಂದೆ ಎರಡು ಆವರ್ತದಷ್ಟು ಕ್ಲಿಕ್ (ಲಯ ತೋರಿಸುವ ಟಿಕ್ ಸದ್ದು) ಇರಲಿ, ಟೈಮ್‌ಕೋಡ್ (ಚಿತ್ರಕ್ಕೂ ಧ್ವನಿಗೂ ತಾಳೆ ಹಾಕುವ ಸಮಯದ ಗುರುತು) ಕಡ್ಡಾಯ. ಸ್ಪೀಕರ್ ದೂರವಿದ್ದರೆ ಮೋಸ ಹೋಗುತ್ತೀರಿ: ಶಬ್ದ 14 ಮೀಟರ್ ಸಾಗಲು ಸುಮಾರು 41 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸುಮಾರು ಒಂದು ಫ್ರೇಮ್. ಹಿಂದಿನ ಸಾಲಿನ ನಟರ ತುಟಿ ಹಾಡಿಗೆ ತಪ್ಪುವುದು ಇದರಿಂದಲೇ. ಅವರ ಹತ್ತಿರ ಇನ್ನೊಂದು ಸ್ಪೀಕರ್ ಇಡಿ, ಇಲ್ಲವೇ ಇಯರ್‌ಪೀಸ್ ಕೊಡಿ. ಸೆಕೆಂಡಿಗೆ 48 ಫ್ರೇಮಿನಲ್ಲಿ ಸ್ಲೋ ಮೋಷನ್ ತೆಗೆಯುವುದಾದರೆ ಟ್ರ್ಯಾಕನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು.

ಮಾತು ಮುಗಿದು ಹಾಡು ಶುರುವಾಗುವ ಕ್ಷಣದಲ್ಲಿ ಧ್ವನಿ ಥಟ್ಟನೆ ಸ್ಟುಡಿಯೋಗೆ ಹಾರಿದಂತೆ ಕೇಳುವುದು ದೊಡ್ಡ ದೋಷ. ಹಾಡಿಗೆ ಮುಂಚಿನ ಒಂದೆರಡು ಮಾತನ್ನೂ ಸ್ಟುಡಿಯೋದಲ್ಲಿ ಹೇಳಿಸಿಟ್ಟುಕೊಳ್ಳಿ. ಹಾಡಿನ ಮೊದಲ ಸಾಲನ್ನು ಸೆಟ್ಟಿನ ಬೂಮ್ ಮೈಕಿನಲ್ಲೂ (ಉದ್ದ ಕೋಲಿನ ತುದಿಯ ಮೈಕು) ತೆಗೆದುಕೊಳ್ಳಿ. ಮಿಕ್ಸಿಂಗಿನಲ್ಲಿ ಎರಡನ್ನೂ ಬೆಸೆಯಬಹುದು.

ರಂಗಾಸಕ್ತ: ಒಬ್ಬರೇ ಹಾಡುವ, ಕುಣಿತವಿಲ್ಲದ ಹಾಡು ನಾಲ್ಕಿವೆ. ಅವನ್ನು ಸೆಟ್ಟಿನಲ್ಲೇ ಹಾಡಿಸಬಹುದೇ?

ಧ್ವನಿಪೆಟ್ಟಿಗೆ: ಖಂಡಿತ. 2012ರ ‘ಲೆ ಮಿಸರಾಬ್ಲ್’ನಲ್ಲಿ ನಟರ ಕಿವಿಗೆ ಪಿಯಾನೋ ಮಾತ್ರ ಕೇಳಿಸಿ, ಆರ್ಕೆಸ್ಟ್ರಾ ಆಮೇಲೆ ಸೇರಿಸಿದರು. ಪಿಯಾನೋ ನಟರನ್ನು ಹಿಂಬಾಲಿಸುವುದರಿಂದ ಅಭಿನಯ ಬಿಗಿಯಾಗುತ್ತದೆ. ಆದರೆ ಟೇಕಿನಿಂದ ಟೇಕಿಗೆ ಲಯ ಬದಲಾಗಿ ಒಂದರ ತುಣುಕು ಇನ್ನೊಂದಕ್ಕೆ ಕೂಡುವುದಿಲ್ಲ. ಕನಿಷ್ಠ ಎರಡು ಕ್ಯಾಮೆರಾ ಒಟ್ಟಿಗೆ ಓಡಿಸಿ.

ಕತ್ತರಿ: ಚಪ್ಪಾಳೆಯ ವಿಷಯ ಬಿಟ್ಟುಹೋಯಿತು. ನಾಟಕದ ಹಾಡು ಜೋರಾಗಿ ಮುಗಿದು ಚಪ್ಪಾಳೆಗೆ ಕಾಯುತ್ತದೆ. ಸಿನಿಮಾದಲ್ಲಿ ಆ ಜಾಗ ಬರೀ ಖಾಲಿ. ಕೊನೆಯ ಮುಕ್ತಾಯವನ್ನು ಕತ್ತರಿಸಿ, ಸ್ವರ ಇನ್ನೂ ಉಳಿದಿರುವಾಗಲೇ ಮುಂದಿನ ದೃಶ್ಯದ ಸದ್ದು ತನ್ನಿ. ವಿರಾಮಕ್ಕೆ ಮೊದಲಿನ ಅಬ್ಬರದ ಹಾಡಿಗೂ ಇದೇ ಮಾತು. ವಿರಾಮ ಇಲ್ಲದಿದ್ದರೆ ಅಲ್ಲೇ ಕಥೆ ಮುಗಿದಂತಾಗಿ ಮುಂದಿನ ಹತ್ತು ನಿಮಿಷ ಸಪ್ಪೆಯಾಗುತ್ತದೆ.