ಸುಸ್ಥಿರ ಕಟ್ಟಡದ ಪಾಠ: ನೀವು ಹೇಗೆ ಕಲಿಸುತ್ತೀರಿ?

ಕೇಳಿದವರು, ಮೈಸೂರು: ಆರ್ಕಿಟೆಕ್ಚರ್ ಎರಡನೇ ವರ್ಷದವರಿಗೆ ಸುಸ್ಥಿರ ವಿನ್ಯಾಸ ಹೇಳಿಕೊಡುತ್ತೇನೆ. ಶನಿವಾರ ಪಕ್ಕದ ಹೈಸ್ಕೂಲ್ ಮಕ್ಕಳಿಗೂ ಒಂದು ಕ್ಲಾಸ್. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಗ್ರಿಹ ರೇಟಿಂಗ್‌ನ ಅಂಶಗಳೆಲ್ಲ ನಮ್ಮವರಿಗೆ ಬಾಯಿಪಾಠ. ಡ್ರಾಯಿಂಗ್‌ನಲ್ಲಿ ನೋಡಿದರೆ ಪಶ್ಚಿಮಕ್ಕೆ ಗೋಡೆ ತುಂಬಾ ಗಾಜು! ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನ ಉಪನ್ಯಾಸಕಿ: ರೇಟಿಂಗ್ ಕೊನೆಗಿರಲಿ, ಮೊದಲು ಬಿಸಿಲು. ಅಂಗಳದಲ್ಲಿ ಕೋಲು ನೆಟ್ಟು, ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ದಕ್ಷಿಣದ ಕಿಟಕಿಗೆ ಸಜ್ಜಾ ಕೊಟ್ಟರೆ ಆಯಿತು ಅನ್ನುವ ಪಾಠ ಯುರೋಪಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಗೆ ಬರುತ್ತಾನೆ, ನೆರಳೇ ಮಾಯ. ಅಲ್ಲಿಂದ ಆಗಸ್ಟ್ 18ರ ಸುಮಾರಿನ ತನಕ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ, ನೆರಳು ದಕ್ಷಿಣಕ್ಕೆ. ನಿಮ್ಮಲ್ಲೂ ಒಂದೆರಡು ದಿನ ಆಚೀಚೆ ಅಷ್ಟೆ. ಹೈಸ್ಕೂಲಿಗೆ ಏಪ್ರಿಲ್ ಕೊನೆಗೆ ರಜೆ ಅಲ್ವಾ? ಜೂನ್‌ನಲ್ಲಿ ಮೋಡ ಸರಿದ ದಿನ ಮಾಡಿಸಿ.

ಆಮೇಲೆ ಅವರದೇ ರಟ್ಟಿನ ಮಾಡೆಲ್ಲನ್ನು ಸಂಜೆ ನಾಲ್ಕಕ್ಕೆ ಬಿಸಿಲಿಗೆ ಇಡಿ, ದಿಕ್ಕು ಸರಿಯಾಗಿರಲಿ. ಸೂರ್ಯ ಇಳಿದಿರುವುದರಿಂದ ಪಶ್ಚಿಮದ ಸಜ್ಜಾದ ಕೆಳಗಿನಿಂದಲೇ ಬಿಸಿಲು ಒಳಗೆ ನುಗ್ಗಿ ಎದುರು ಗೋಡೆ ಮುಟ್ಟುತ್ತದೆ. ಗಾಜಿನ ಮಾತು ನೀವು ಎತ್ತುವುದೇ ಬೇಡ.

ಧಾರವಾಡದಿಂದ, ಕಟ್ಟಡ ಎಂಜಿನಿಯರ್: ಮಣ್ಣನ್ನು ಕೈಯಲ್ಲಿ ಮುಟ್ಟಿಸಿ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಅಲ್ಲಾಡಿಸದೆ ಇಡಿ. ಮರಳು ನೋಡನೋಡುತ್ತಲೇ ತಳ ಸೇರುತ್ತದೆ. ಜೇಡಿ ಇಳಿಯಲು ಮರುದಿನ ಬೇಕು. ನಮ್ಮ ಎರೆಮಣ್ಣು, ನಿಮ್ಮ ಕೆಂಪು ಮಣ್ಣು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಮ್ನೆ ಸಿಮೆಂಟ್ ಬೆರೆಸಿ ಒತ್ತಿದರೆ ಇಟ್ಟಿಗೆ ಆಗುವುದಿಲ್ಲ. ಮಣ್ಣೆಂದರೆ ಸಾಕು, ಹಸಿರು ಎಂದು ಭಜನೆ ಮಾಡುವವರು ಜಾಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮಣ್ಣಿನ ಬ್ಲಾಕ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮರಳೆಷ್ಟು, ಜೇಡಿಯೆಷ್ಟು ಎಂದು ನೋಡಿಯೇ ಸಿಮೆಂಟಿನ ಲೆಕ್ಕ.

ಮಂಗಳೂರಿನ ಗಣಿತ ಟೀಚರ್: ಹೈಸ್ಕೂಲಿಗೆ ಮಳೆ ಲೆಕ್ಕ ಕೊಡಿ. ಒಂದು ಚದರ ಮೀಟರ್ ಸೂರಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಸ್ಕೂಲಿನ ತಾರಸಿ ಅಳೆದು ಗುಣಿಸಲಿ, ಸಾಕು.

ಹುಬ್ಬಳ್ಳಿಯ ವಾಸ್ತುಶಿಲ್ಪಿ: ಕಾಲೇಜಿನವರನ್ನು ಬೆಂಗಳೂರಿನ ದೊಮ್ಮಲೂರಿನಲ್ಲಿರುವ, ಇಂಧನ ಸಂಶೋಧನಾ ಸಂಸ್ಥೆ ಟೆರಿಯ ಕಟ್ಟಡ ನೋಡಲು ಕರೆದೊಯ್ಯಿರಿ. ವಿನ್ಯಾಸ ಸಂಜಯ್ ಮೋಹೆ ಅವರದು. ದಕ್ಷಿಣದ ಗಾಳಿ ಪಕ್ಕದ ಮೋರಿಯ ನಾತ ಹೊತ್ತು ತರುತ್ತಿತ್ತು. ಹಾಗಾಗಿ ಆ ಕಡೆ ಕಪ್ಪು ಕಲ್ಲಿನ ಮುಚ್ಚಿದ ಗೋಡೆ. ಗೋಡೆ ಕಾದಂತೆ ಅದರ ಹಿಂದಿನ ಸಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಉತ್ತರದಿಂದ ತಂಪು ಗಾಳಿ ಎಳೆದುಕೊಳ್ಳುತ್ತದೆ.

ಇನ್ನೊಂದು, ಅಂಕಕ್ಕೆ ಕೊಂಡಿ ಹಾಕದಿದ್ದರೆ ಯಾರೂ ಮಾಡುವುದಿಲ್ಲ. ಕಟ್ಟಡವನ್ನು ಸೀಳಿ ಒಳಗನ್ನು ತೋರಿಸುವ ಪ್ರತಿ ಸೆಕ್ಷನ್ ಡ್ರಾಯಿಂಗ್ ಮೇಲೆ, ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ಅತಿ ಹೆಚ್ಚು ವಾಲುವ ಜೂನ್ 21 ಮತ್ತು ಡಿಸೆಂಬರ್ 21ರ ಬಿಸಿಲಿನ ಗೆರೆ ಕಡ್ಡಾಯ ಮಾಡಿ. ಗೆರೆ ಇಲ್ಲದ ಶೀಟನ್ನು ನಾನು ಕೈಗೇ ತೆಗೆದುಕೊಳ್ಳುವುದಿಲ್ಲ.