ಹಳೆಯ ಆಕ್ಟೇವಿಯಾ ಆರ್‌ಎಸ್‌ಗೆ 268 ಡಿಗ್ರಿ ಕ್ಯಾಮ್: ಕಂಪನಿ ಟರ್ಬೊ ಜೊತೆ ಹಾಕಬಹುದಾ?

ಧಾರವಾಡ_ಪುಣೆ
ಎಲ್ಲರಿಗೂ ನಮಸ್ಕಾರ. ಇರೋದು ಚಿಂಚವಾಡದಲ್ಲಿ, ಗಾಡಿ 1.8 ಟರ್ಬೊ, 20 ವಾಲ್ವಿನ ಆಕ್ಟೇವಿಯಾ ಆರ್‌ಎಸ್. ಕಂಪನಿಯ ಕೆ03 ಟರ್ಬೊ ಹಾಗೇ ಇದೆ. ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಆಗಿದೆ, ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಡೌನ್‌ಪೈಪ್ ದೊಡ್ಡದು ಹಾಕಿಸಿದ್ದೇನೆ. ವಾರವಿಡೀ ಹಿಂಜವಡಿ ಟ್ರಾಫಿಕ್, ಭಾನುವಾರ ತಾಮ್ಹಿಣಿ ಘಾಟ್, ಹಬ್ಬಕ್ಕೆ ಊರು. 5500 ಆರ್‌ಪಿಎಂ ದಾಟಿದ ಮೇಲೆ ಎಂಜಿನ್ ಸುಸ್ತಾಗುತ್ತದೆ. ಪರಿಚಯದವರೊಬ್ಬರ ಹತ್ತಿರ 268 ಡಿಗ್ರಿಯ ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ಶಾಫ್ಟ್) ಸೆಟ್ ಇದೆ, ಬೆಲೆಯೂ ಪರವಾಗಿಲ್ಲ. ತಗೊಳ್ಳಲಾ?

ಬೂಸ್ಟ್_ಗೇಜ್
ಬೇಡ ಸರ್, ಈಗಲೇ ಬೇಡ. 5500ಕ್ಕೆ ನಿಲ್ಲುತ್ತಿರುವುದು ಕ್ಯಾಮ್ ಅಲ್ಲ, ಟರ್ಬೊ. ಕೆ03 ಚಿಕ್ಕದು. ಬೇಗ ಬೂಸ್ಟ್ (ಒತ್ತಿ ತುಂಬಿದ ಗಾಳಿಯ ಒತ್ತಡ) ಕೊಡುತ್ತದೆ, ಆರ್‌ಪಿಎಂ ಮೇಲೆ ಹೋದಂತೆ ಅದರ ಟರ್ಬೈನ್ ಕಡೆಯೇ, ಅಂದರೆ ಹೊಗೆಯ ಬಲದಿಂದ ತಿರುಗುವ ಭಾಗವೇ, ಹೊಗೆಗೆ ಅಡ್ಡ ಆಗುತ್ತದೆ. ಆಗ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಒತ್ತಡ ಇನ್‌ಟೇಕ್‌ನ ಬೂಸ್ಟ್‌ಗಿಂತ ಜಾಸ್ತಿ ಇರುತ್ತದೆ. ಡ್ಯುರೇಶನ್, ಅಂದರೆ ವಾಲ್ವ್ ತೆರೆದಿರುವ ಅವಧಿ (ಆ 268 ಡಿಗ್ರಿ ಇದೇ), ಉದ್ದ ಮಾಡಿದರೆ ಓವರ್‌ಲ್ಯಾಪ್ ಕೂಡ ಬೆಳೆಯುತ್ತದೆ, ಅಂದರೆ ಎರಡೂ ಕಡೆಯ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ, ಆ ಹೊತ್ತಿನಲ್ಲಿ ಸುಟ್ಟ ಗ್ಯಾಸ್ ಹೊರಗೆ ಹೋಗುವ ಬದಲು ವಾಪಸ್ ಸಿಲಿಂಡರಿಗೆ ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಮ್ಮಿ, ಬಿಸಿ ಜಾಸ್ತಿ, ನಾಕಿಂಗ್ (ಇಂಧನ ಅಡ್ಡಾದಿಡ್ಡಿ ಸಿಡಿಯುವುದು) ಶುರು, ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಇಗ್ನಿಶನ್ (ಕಿಡಿ ಹಾರುವ ಸಮಯ) ಹಿಂದಕ್ಕೆ ತಳ್ಳುತ್ತದೆ. ದುಡ್ಡು ಕೊಟ್ಟು ಪವರ್ ಕಳೆದುಕೊಂಡ ಹಾಗೆ ಅಲ್ವಾ?

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಓವರ್‌ಲ್ಯಾಪ್ ಒಳ್ಳೆಯದು, ಹೊರಗೆ ಓಡುವ ಗ್ಯಾಸ್ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಲೆಕ್ಕ ಇಲ್ಲಿಗೆ ತರಬೇಡಿ.

ಇನ್ನೊಂದು, ಆ 268 ಎಲ್ಲಿ ಅಳೆದದ್ದು? ವಾಲ್ವ್ ಸೀಟ್ ಬಿಡುವಾಗಿನಿಂದಲಾ, 1 ಮಿ.ಮೀ. ಎತ್ತಿದ ಮೇಲಾ? ಎರಡಕ್ಕೂ ತುಂಬಾ ವ್ಯತ್ಯಾಸ. ಲಿಫ್ಟ್ (ವಾಲ್ವ್ ಎಷ್ಟು ಎತ್ತುತ್ತದೆ) ಎಷ್ಟು, ಲೋಬ್ ಸೆಪರೇಶನ್ (ಇನ್‌ಟೇಕ್, ಎಕ್ಸಾಸ್ಟ್ ಕ್ಯಾಮ್ ಉಬ್ಬುಗಳ ನಡುವಿನ ಕೋನ) ಎಷ್ಟು ಅಂತಲೂ ಕೇಳಿ. ಬೀದಿಯ ಟರ್ಬೊ ಗಾಡಿಗೆ ಸಾಮಾನ್ಯವಾಗಿ 112 ಡಿಗ್ರಿಗಿಂತ ಅಗಲದ ಸೆಪರೇಶನ್ ನೋಡುತ್ತಾರೆ. ಈ ವಿವರಗಳ ಕಾಗದ ಕೊಡದ ಸೆಟ್ ಮುಟ್ಟಬೇಡಿ.

ಭೋಸರಿ_ಮಷಿನ್‌ಶಾಪ್
ಮೇಲಿನವರ ಮಾತು ಸರಿ. ನಾನು ವಾಲ್ವ್ ಮುಚ್ಚಿಸುವ ಸ್ಪ್ರಿಂಗ್ ಬಗ್ಗೆ ಹೇಳುತ್ತೇನೆ, ಇದನ್ನು ಎಲ್ಲರೂ ಮರೆಯುತ್ತಾರೆ. ಬೂಸ್ಟ್ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಒತ್ತಿ ಅದನ್ನು ತೆರೆಯಲು ನೋಡುತ್ತದೆ. 27 ಮಿ.ಮೀ. ವಾಲ್ವ್‌ಗೆ 1 ಬಾರ್ ಬೂಸ್ಟ್ ಅಂದರೆ ಸುಮಾರು 6 ಕೆ.ಜಿ. ಒತ್ತಡ, ಅಷ್ಟು ಹಳೆಯ ಸ್ಪ್ರಿಂಗಿನ ಬಲದಿಂದ ಕಳೆದುಹೋಯಿತು. ಲಿಫ್ಟ್ ಜಾಸ್ತಿಯಾದರೆ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗುತ್ತವಾ ಅಂತ ಮೊದಲು ಅಳೆಯಬೇಕು. ಪಿಸ್ಟನ್ ಮೇಲೆ ಮಕ್ಕಳ ಆಟದ ಕ್ಲೇ ಇಟ್ಟು, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ವಾಲ್ವ್‌ಗೂ ಪಿಸ್ಟನ್‌ಗೂ ಎಷ್ಟು ಸಂದು ಉಳಿದಿದೆ ನೋಡಿ. ಬರೀ ಟೈಮಿಂಗ್ ಮಾರ್ಕ್ ಕೂಡಿಸಿ ಮುಚ್ಚಬೇಡಿ. ಡಯಲ್ ಗೇಜ್, ಡಿಗ್ರಿ ವೀಲ್ (ಕೋನ ಅಳೆಯುವ ಚಕ್ರ) ಹಾಕಿಯೇ ಟೈಮಿಂಗ್ ಮಾಡಿಸಿ.

ಈ ಎಂಜಿನ್‌ನಲ್ಲಿ ಬೆಲ್ಟ್ ಎಕ್ಸಾಸ್ಟ್ ಕ್ಯಾಮ್ ತಿರುಗಿಸುತ್ತದೆ, ಅಲ್ಲಿಂದ ಚೈನ್ ಇನ್‌ಟೇಕ್ ಕ್ಯಾಮಿಗೆ. ಬಿಚ್ಚಿದ ಮೇಲೆ ಆ ಚೈನ್ ಟೆನ್ಶನರ್, ಬೆಲ್ಟ್, ವಾಟರ್ ಪಂಪ್ ನೋಡದೆ ಮುಚ್ಚಿದರೆ ತಪ್ಪಾಗುತ್ತದೆ. ಬೆಲ್ಟ್ ಹರಿದರೆ ವಾಲ್ವ್ ಬಾಗುತ್ತದೆ. ಸೆಕೆಂಡ್‌ಹ್ಯಾಂಡ್ ಕ್ಯಾಮ್ ಆದರೆ ಲೋಬ್ ಮೇಲೆ ಬೆರಳಾಡಿಸಿ, ಚಿಕ್ಕ ಗುಳಿ ಸಿಕ್ಕರೂ ಬೇಡ.

ಘಾಟ್_ರಾತ್ರಿ
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮುಂದೆ ದೊಡ್ಡ ಟರ್ಬೊ ಹಾಕುವ ಯೋಚನೆ ಇದ್ದರೆ ಕ್ಯಾಮ್ ಖಂಡಿತ ಕೆಲಸಕ್ಕೆ ಬರುತ್ತದೆ. ಟರ್ಬೈನ್ ಹೌಸಿಂಗ್ ದೊಡ್ಡದಾದರೆ ಎಕ್ಸಾಸ್ಟ್ ಕಡೆಯ ಒತ್ತಡ ಇಳಿಯುತ್ತದೆ, ಆಗ ಲಿಫ್ಟ್ ಜಾಸ್ತಿ, ಡ್ಯುರೇಶನ್ ಹಿತಮಿತ ಇರುವ ಸೆಟ್ 6000 ದಾಟಿದ ಮೇಲೂ ಎಳೆಯುತ್ತದೆ. ಆದರೆ ಹಿಂಜವಡಿಯಲ್ಲಿ ದಿನಾ 1500ರಿಂದ 2500ರಲ್ಲೇ ಓಡಿಸುವವರಿಗೆ ಬೇಜಾರು ಗ್ಯಾರಂಟಿ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಬೂಸ್ಟ್ ಬರುವ ಮೊದಲಿನ ಎಳೆತ ಸಾಯುತ್ತದೆ. ಐಡಲ್ ನಡುಗುತ್ತದೆ, ವ್ಯಾಕ್ಯೂಮ್ ಕಮ್ಮಿಯಾಗಿ ಬ್ರೇಕ್ ಪೆಡಲ್ ಗಟ್ಟಿಯಾಗಬಹುದು. ಹೊಸ ಟ್ಯೂನಿಂಗ್ ಖರ್ಚು ಬೇರೆ.

ಧಾರವಾಡ_ಪುಣೆ
ಟರ್ಬೊ ಬದಲಿಸುವ ಯೋಚನೆ ಈಗ ಇಲ್ಲ. ಹಾಗಾದರೆ ಮೊದಲು ಏನು ಮಾಡಿಸಲಿ?

ಬೂಸ್ಟ್_ಗೇಜ್
ಇಂಟರ್‌ಕೂಲರ್, ಅಂದರೆ ಟರ್ಬೊದಿಂದ ಬರುವ ಬಿಸಿ ಗಾಳಿ ತಣ್ಣಗೆ ಮಾಡುವುದು. ಕಂಪನಿಯದು ಮುಂದಿನ ಚಕ್ರದ ಪಕ್ಕ ಮೂಲೆಯಲ್ಲಿದೆ, ಏಪ್ರಿಲ್ ಬಿಸಿಲಲ್ಲಿ ಘಾಟ್ ಹತ್ತುವಾಗ ಬೇಗ ಕಾದುಬಿಡುತ್ತದೆ. ಬಂಪರ್ ಹಿಂದೆ ಅಗಲವಾದದ್ದು ಹಾಕಿಸಿ. ಅದಕ್ಕೂ ಮುಂಚೆ ಹೋಸ್‌ಗಳಲ್ಲಿ ಲೀಕ್ ಇದೆಯಾ ಟೆಸ್ಟ್ ಮಾಡಿಸಿ, ಮೂರನೇ ಗೇರಿನಲ್ಲಿ ಒಂದು ಲಾಗ್ (ಇಸಿಯು ಅಂಕಿಗಳ ದಾಖಲೆ) ತೆಗೆದು ಇಲ್ಲಿ ಹಾಕಿ. ಬೂಸ್ಟ್, ಇನ್‌ಟೇಕ್ ಟೆಂಪರೇಚರ್, ಇಗ್ನಿಶನ್ ಎಷ್ಟು ಹಿಂದೆ ಸರಿಯುತ್ತಿದೆ, ಈ ಮೂರೂ ಇರಲಿ.