ಪದಚರ್ಚೆ: ಮಲೇರಿಯಾ ಪಾಠದಲ್ಲಿ ಸೊಳ್ಳೆಯನ್ನು ‘ವಾಹಕ’ ಎಂದರೆ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಮಲೇರಿಯಾ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಮನುಷ್ಯನ ಮೈಯೊಳಗೆ ನಡೆಯುವುದನ್ನು ಹೇಳಲು ಪದಗಳಿಗೆ ಕೊರತೆಯಾಗಲಿಲ್ಲ. ತೊಡಕು ಶುರುವಾದದ್ದು ಸೊಳ್ಳೆಯ ಹೊಟ್ಟೆಗೆ ಬಂದಾಗ.

ಮೊದಲ ಪ್ರಶ್ನೆ ‘ವಾಹಕ’ದ ಬಗ್ಗೆ. ಪಾಠಗಳಲ್ಲೂ ಗೋಡೆಬರಹಗಳಲ್ಲೂ ಇದೇ ರೂಢಿ. ಕಾಲಿಗೆ ಹೊಲಸು ಅಂಟಿಸಿಕೊಂಡು ಬಂದು ಅನ್ನದ ಮೇಲೆ ಕೂರುವ ನೊಣಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಹೆಣ್ಣು ಅನಾಫಿಲಿಸ್ ಸೊಳ್ಳೆಯ ವಿಷಯ ಹಾಗಲ್ಲ. ಮಲೇರಿಯಾ ತರುವ ಪರಾವಲಂಬಿ ಪ್ಲಾಸ್ಮೋಡಿಯಂನ ಗಂಡು ಹೆಣ್ಣು ಕೂಡುವುದು ಅದರ ಹೊಟ್ಟೆಯಲ್ಲಿ ಮಾತ್ರ. ನಮ್ಮ ಯಕೃತ್ತಿನಲ್ಲಿ, ಕೆಂಪು ರಕ್ತಕಣಗಳಲ್ಲಿ ಅದು ಒಡೆದೊಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಅಷ್ಟೆ. ಆದ್ದರಿಂದಲೇ ಜೀವಶಾಸ್ತ್ರದ ಪ್ರಕಾರ ಸೊಳ್ಳೆ ಅದರ ಮುಖ್ಯ ಆತಿಥೇಯ (ಪರಾವಲಂಬಿಗೆ ಮೈಯೊಳಗೆ ನೆಲೆ ಕೊಡುವ ಜೀವಿ), ಮನುಷ್ಯ ಮಧ್ಯಂತರ ಆತಿಥೇಯ.

ರೋಗಿಗೆ ಕಚ್ಚಿದ ಸೊಳ್ಳೆ ಮರುಕ್ಷಣ ನಮಗೆ ಕಚ್ಚಿದರೆ ಮಲೇರಿಯಾ ಬರುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗೆ ಬರುವುದಿಲ್ಲ. ಪ್ಲಾಸ್ಮೋಡಿಯಂ ಸೊಳ್ಳೆಯೊಳಗೆ ಬೆಳೆದು ಹರಡಲು ಸಿದ್ಧವಾಗಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಚಳಿ ಹೆಚ್ಚಿದ್ದರೆ ಇನ್ನೂ ತಡ. ‘ವಾಹಕ’ ಎಂಬ ಪದದಲ್ಲಿ ಈ ದಿನಗಳೇ ಮಾಯವಾಗುತ್ತವೆ ಎನ್ನುವುದು ನನ್ನ ತಕರಾರು. ಗೋಡೆಬರಹಕ್ಕೆ ಅದು ಇರಲಿ, ಪಾಠದಲ್ಲಿ ‘ಆತಿಥೇಯ’ವೇ ಬರಬೇಕು ಅನ್ನಿಸುತ್ತದೆ.

ಇನ್ನು ಆ ದಿನಗಳಲ್ಲಿ ನಡೆಯುವುದನ್ನು ಹೇಳುವ ಪದಗಳು. ರಕ್ತದ ಜೊತೆ ಒಳಹೋಗುವ ಗ್ಯಾಮಿಟೋಸೈಟ್‌ಗೆ (ಮುಂದೆ ಗಂಡು ಇಲ್ಲವೇ ಹೆಣ್ಣು ಲಿಂಗಾಣು ಕೊಡುವ ಕೋಶ) ‘ಲಿಂಗಾಣುಜನಕ’ ಎಂದಿದ್ದೇನೆ. ನಮ್ಮ ಮೈಯ ಬಿಸಿಯಿಂದ ತಣ್ಣಗಿನ ಜಾಗಕ್ಕೆ ಬಂದದ್ದು, ಸೊಳ್ಳೆಯ ಹೊಟ್ಟೆಯಲ್ಲಿರುವ ಕ್ಸಾಂಥುರೆನಿಕ್ ಆಮ್ಲ ತಾಗಿದ್ದು, ಇವೆರಡೂ ಸೇರಿ ಅದನ್ನು ಎಬ್ಬಿಸುತ್ತವೆ. ಸುಮಾರು 10–15 ನಿಮಿಷದಲ್ಲಿ ಒಂದು ಗಂಡು ಕೋಶದಿಂದ ಎಂಟು ಸಪೂರ ಎಳೆಗಳು ಚಾವಟಿಯಂತೆ ಬೀಸುತ್ತ ಹೊರಬೀಳುತ್ತವೆ. 1880ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಕಂಡದ್ದು ಇದನ್ನೇ. ಗಾಜಿನ ಮೇಲೆ ರಕ್ತ ತಣ್ಣಗಾಗಿತ್ತಲ್ಲ! ಈ ಎಳೆಗಳಿಗೆ ‘ಗಂಡು ಲಿಂಗಾಣು’ ಸಾಕು, ಕೂಡಿದ ಮೇಲೆ ‘ಯುಗ್ಮಜ’. ಇಲ್ಲಿಯವರೆಗೆ ತಕರಾರಿಲ್ಲ.

ಆಮೇಲೆ ಆ ಯುಗ್ಮಜ ಒಂದು ದಿನದೊಳಗೆ ಉದ್ದಕ್ಕೆ ಚಾಚಿಕೊಂಡು ತೆವಳತೊಡಗುತ್ತದೆ, ಹೊಟ್ಟೆಯ ಗೋಡೆಯನ್ನು ತೂರಿ ಆಚೆಗೆ ಹೋಗುತ್ತದೆ. ಇದೇ ಊಕಿನೀಟ್. ‘ಚರಯುಗ್ಮಜ’ ಎಂದರೆ ವ್ಯಾಕರಣಕ್ಕೆ ಸರಿ, ಆದರೆ ಮಕ್ಕಳ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ನುಸುಳುಯುಗ್ಮಜ’ ಎಂದರೆ ಆ ಕೆಲಸವೇ ಕಾಣುತ್ತದೆ, ಆದರೆ ಕನ್ನಡ, ಸಂಸ್ಕೃತ ಪದಗಳು ಬೆರೆತ ಅರಿಸಮಾಸ. ಅದಕ್ಕಾಗಿ ಇದನ್ನು ಬಿಟ್ಟುಬಿಡಬೇಕೇ? ನನಗಂತೂ ಬಿಡಲು ಮನಸ್ಸಿಲ್ಲ.

ಹೊಟ್ಟೆಯ ಹೊರಮೈಗೆ ಅಂಟಿ ಅದು ಉರುಟಾಗಿ ಬೆಳೆಯುವ ಹಂತ ಊಸಿಸ್ಟ್. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಸೀಳಿ ನೋಡಿದಾಗ ಕಂಡದ್ದು ಇವು. ಒಳಗಿನ ಕಪ್ಪು ಬಣ್ಣದ ಕಣಗಳಿಂದ ಅವರಿಗೆ ಗುರುತು ಹತ್ತಿತು. ‘ಅಂಡಕೋಶ’ ಎನ್ನುವಂತಿಲ್ಲ, ಆ ಪದಕ್ಕೆ ಆಗಲೇ ಬೇರೆ ಅರ್ಥ ಇದೆ. ‘ಗುಳ್ಳೆ’ ಎಂದರೇನು? ಗುಳ್ಳೆ ಏಳುತ್ತದೆ, ಬಲಿಯುತ್ತದೆ, ಒಡೆಯುತ್ತದೆ. ಇಲ್ಲಿಯೂ ಅದೇ ಕ್ರಮ: ಒಡೆದಾಗ ಒಂದೊಂದರಿಂದ ಸಾವಿರಾರು ಸ್ಪೋರೊಜಾಯಿಟ್‌ಗಳು (ಸೊಳ್ಳೆ ಕಚ್ಚಿದಾಗ ನಮ್ಮ ಮೈ ಸೇರುವ ರೂಪ) ಹೊರಬಂದು ಜೊಲ್ಲುಗ್ರಂಥಿ ಸೇರುತ್ತವೆ.

ಸ್ಪೋರೊಜಾಯಿಟ್‌ಗೆ ‘ಬೀಜಕಾಣು’ ಸೂಚಿಸಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಬೀಜಕ ಎಂದೊಡನೆ ಶಿಲೀಂಧ್ರದ, ಜರೀಗಿಡದ ಗಟ್ಟಿ ಕವಚದ ಕಣ ನೆನಪಾಗುತ್ತದೆ. ಇದಕ್ಕೆ ಅಂಥ ಕವಚವಿಲ್ಲ. ಸೂಜಿಯಂತೆ ತೆಳ್ಳಗಿದ್ದು ತಾನೇ ಜಾರುತ್ತ ಸಾಗುತ್ತದೆ. ಬೇರೇನೂ ಸಿಗದಿದ್ದರೆ ಸ್ಪೋರೊಜಾಯಿಟ್ ಎಂದೇ ಉಳಿಸಿಕೊಳ್ಳುವೆ.

ಮಂಗಳೂರಿನ ಕಡೆಯವರು ಇಲ್ಲಿ ಹಲವರಿದ್ದೀರಿ, ಮಲೇರಿಯಾವನ್ನು ಹತ್ತಿರದಿಂದ ಕಂಡ ಊರು ಅದು. ಸೊಳ್ಳೆ ಹಿಡಿದು ಪರೀಕ್ಷಿಸುವ ಸಿಬ್ಬಂದಿ ತಮ್ಮತಮ್ಮಲ್ಲಿ ಮಾತಾಡುವಾಗ ಈ ಗುಳ್ಳೆಗಳಿಗೆ ಕನ್ನಡದಲ್ಲೋ ತುಳುವಿನಲ್ಲೋ ಏನಾದರೂ ಹೆಸರು ಬಳಸುತ್ತಾರೆಯೇ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ‘ನುಸುಳುಯುಗ್ಮಜ’ದ ಬಗ್ಗೆ ವ್ಯಾಕರಣ ಬಲ್ಲವರ ಅಭಿಪ್ರಾಯವೂ ಬೇಕು.